ಐದು ಸಲ ಸತ್ತ ಗಾರಿ ಮಾರುವವಳು

ನಮ್ಮ ಓವೊ ಪೇಟೆಯಲ್ಲಿ ಇಯಾ ದೇಯೋಳಷ್ಟು ಸಲ ಸತ್ತವರು ಯಾರೂ ಇಲ್ಲ. ದೇಯೋನ ತಾಯಿಯಾದ್ದರಿಂದ ಊರಿಗೆಲ್ಲ ಅವಳು ಇಯಾ ದೇಯೋ. ರಸ್ತೆಬದಿಯಲ್ಲಿ ಅಗಲ ಬೋಗುಣಿ ತುಂಬ ಗಾರಿ, ಅಂದರೆ ಹುರಿದ ಮರಗೆಣಸಿನ ರವೆ, ಗುಡ್ಡೆ ಹಾಕಿ ಮಾರುತ್ತಾಳೆ. ಒಂದು ವರ್ಷ ಪತ್ರಿಕೆಯವನೊಬ್ಬ ಬಂದು ಅವಳ ಫೋಟೊ ಹೊಡೆದ. ಬಿಸಿಲಿಗೆ ಅವಳು ಹಣೆಗೆ ಕೈ ಕೊಟ್ಟು ಕೂತಿದ್ದಳು. ಮಾರನೆ ದಿನ ಮುಖಪುಟದಲ್ಲಿ 'ಲಾಸಾ ಜ್ವರಕ್ಕೆ ಏಳು ಬಲಿ'. ಕೆಳಗೆ ಇವಳು.

ಆಮೇಲೆ ವರ್ಷವರ್ಷವೂ ಅದೇ ಫೋಟೊ. ಲಾಸಾ ಆಗಲಿ, ಕಾಲರಾ ಆಗಲಿ, ಮಂಗನ ಸಿಡುಬಾಗಲಿ, ಹಣೆಗೆ ಕೈ ಕೊಟ್ಟವಳು ಇವಳೇ.

ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಪತ್ರಿಕೆ ಮಾರುವ ಲಾಸುನ್‌ನ ಹಲಗೆ ಮುಂದೆ ದಿನಾ ಬೆಳಿಗ್ಗೆ ಇಪ್ಪತ್ತು ಜನ ನಿಂತು, ಮುಖಪುಟ ಪುಕ್ಕಟೆ ಓದಿ, ಜಗಳವಾಡಿ ಮನೆಗೆ ಹೋಗುತ್ತೇವೆ. ಒಳಪುಟ ಬಿಡಿಸಿದರೆ ಅವನು ಕಾಸು ಕೇಳುತ್ತಾನೆ. ಇಯಾ ದೇಯೋ ಪತ್ರಿಕೆ ಕಚೇರಿಗೆ ಹೋಗಿ ರಂಪ ಮಾಡಿದಾಗ 'ಈ ಮಹಿಳೆಗೆ ಯಾವ ರೋಗವೂ ಇಲ್ಲ' ಎಂದು ಅವರು ಹಾಕಿದ್ದು ನಿಜ. ಆದರೆ ಹಾಕಿದ್ದು ಹದಿನಾಲ್ಕನೆ ಪುಟದಲ್ಲಿ. ಹದಿನಾಲ್ಕನೆ ಪುಟ ಕಂಡವನು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಮೊದಲೆರಡು ವರ್ಷ ಜನ ಅವಳನ್ನು ಕಂಡರೆ ಮೂಗು ಮುಚ್ಚಿ ರಸ್ತೆ ದಾಟಿದರು. ಆಮೇಲೆ ಭಯ ಹೋಗಿ ತಮಾಷೆ ಉಳಿಯಿತು.

"ಇಯಾ, ಮತ್ತೆ ತೀರ್ಕೊಂಡ್ರಂತೆ?" ಎಂದ ಲಾಸುನ್.

"ಹೂಂ ಕಣಪ್ಪ, ಐದನೇ ಸಲ. ಆದ್ರೆ ನಿನ್ನ ಮಣ್ಣು ಮಾಡ್ದೆ ಪೂರ್ತಿ ಹೋಗಲ್ಲ."

ಐದು ಸಲ ಸತ್ತವಳು ಗುಂಡುಕಲ್ಲಿನ ಹಾಗಿದ್ದಾಳೆ, ಆದ್ದರಿಂದ ರೋಗವೇ ಸುಳ್ಳು ಎಂದು ನಾವು ತೀರ್ಮಾನಿಸಿದೆವು. ಲಾಸಾ ಹರಡುವುದೇ ಇಲಿಯಿಂದ, ಇಲಿ ಮುಟ್ಟದಂತೆ ಗಾರಿ ಮುಚ್ಚಿಡಿ ಎಂದು ಆರೋಗ್ಯ ಇಲಾಖೆಯವರು ಮೈಕಿನಲ್ಲಿ ಕೂಗಿದರೆ, ಇವಳನ್ನೇ ಸಾಕ್ಷಿಗೆ ನಿಲ್ಲಿಸಿದೆವು. ಅವಳೂ ನಗುತ್ತ ನಿಂತಳು.

ಈ ಫೆಬ್ರವರಿಯಲ್ಲಿ ಅವಳ ಗಂಡ ಬಾಬಾ ದೇಯೋನಿಗೆ ಜ್ವರ ಬಂತು. ಮೂರು ದಿನ ಮಲೇರಿಯಾ ಮಾತ್ರೆ ನುಂಗಿದ. ನಾಲ್ಕನೆ ದಿನ ವಸಡಿನಲ್ಲಿ ರಕ್ತ.

"ನಡೀರಿ ಆಸ್ಪತ್ರೆಗೆ."

"ಸುಮ್ನಿರೇ. ಐದು ಸಲ ಸತ್ತೆಯಲ್ಲ, ನಿಂಗೇನಾಯ್ತು?"

ಅದು ಅವಳೇ ಊರಿಗೆ ಕಲಿಸಿದ ಮಾತು. ಬಾಡಿಗೆ ಬೈಕಿನಲ್ಲಿ ಸವಾರನಿಗೂ ತನಗೂ ನಡುವೆ ಗಂಡನನ್ನು ಒತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ಸಾಗಿಸಿದಳು. ಲಾಸಾ ಎಂದರು ಡಾಕ್ಟರು.

ಮರುದಿನ ಮುಖಪುಟದಲ್ಲಿ ಮತ್ತೆ ಅದೇ ಫೋಟೊ. ಮೊದಲ ಸಲ ಫೋಟೊದವಳ ಮನೆಯಲ್ಲೇ ರೋಗ ಇತ್ತು. ಅವಳು ಹಲಗೆಯ ಬಳಿಗೆ ಓಡಿ ಬಂದಳು. "ಈ ಸಲ ನಿಜ ಕಣ್ರೋ! ನಮ್ಮನೆಯವ್ರಿಗೇ ಬಂದಿದೆ! ಗಾರಿ ಮುಚ್ಚಿಡ್ರೋ!"

ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. "ಇಯಾ, ಆರನೇ ಸಲ ಸತ್ತೋರು ಇಷ್ಟು ಜೋರಾಗಿ ಕೂಗ್ಬಾರ್ದು," ಎಂದವನು ನಾನೇ. ನನ್ನ ನಾಲಿಗೆಗೆ ಹುಳ ಬೀಳಲಿ.

ಅವಳು ನೇರ ತನ್ನ ಅಂಗಡಿಗೆ ಹೋದಳು. ಗಾರಿಯನ್ನೆಲ್ಲ ಮುಚ್ಚಳದ ಬಕೀಟಿಗೆ ಸುರಿದಳು. ನಮ್ಮ ಪೇಟೆಯಲ್ಲಿ ಗಾರಿಗೆ ಮುಚ್ಚಳ ಹಾಕಿದರೆ ಕೆಟ್ಟ ಮಾಲು ಎಂದೇ ಅರ್ಥ. ನಾಲ್ಕು ದಿನ ಒಬ್ಬರೂ ಕೊಳ್ಳಲಿಲ್ಲ.

ಐದನೆ ದಿನ ಬಾಬಾ ದೇಯೋ ಸತ್ತ. ಒಂದೇ ಸಲ ಸತ್ತ. ಅವನ ಫೋಟೊ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಕೆಲವು ವಾರ ಕಳೆದು ಅವಳು ಮತ್ತೆ ಅಂಗಡಿ ಇಟ್ಟಾಗ ಪೇಟೆಯ ಬೋಗುಣಿಗಳಿಗೆಲ್ಲ ಮುಚ್ಚಳ ಬಂದಿತ್ತು. ನಾನು ತಲೆ ತಗ್ಗಿಸಿಕೊಂಡು ಹೋಗಿ ಗಾರಿ ಕೇಳಿದೆ. ಅವಳು ಅಳೆದು ಕೊಟ್ಟಳು. ಮೊದಲು ಬಕೀಟಿಗೆ ಮುಚ್ಚಳ ಮುಚ್ಚಿ, ಆಮೇಲೆ ಕಣ್ಣೊರೆಸಿಕೊಂಡಳು.