ಎಂಜಿನ್ನಿಗೆ ಕಟ್ಟಿದ ಸೋಸು ಬಟ್ಟೆ

ನೀರಿನ ಮೇಲೆಯೇ ಓಡುವ ಎಂಜಿನ್ನಿಗೆ ಕಾವೇರುವುದಾದರೂ ಹೇಗೆ? ವಜ್ರಳ್ಳಿ ಕಡೆಯ ಹಿನ್ನೀರಿಗೆ ದೊಡ್ಡಪ್ಪ ಹಳೆಯ ಮೋಟಾರು ದೋಣಿಯೊಂದನ್ನು ತಂದಾಗಿನಿಂದ ನಾನು ಇದನ್ನೇ ಕೇಳಿ ಅವನ ತಲೆ ತಿಂದಿದ್ದೆ. ಕಾಲೇಜು ಮುಗಿಸಿ ಮನೆಯಲ್ಲಿದ್ದ ನನಗೆ ಬೇರೆ ಕೆಲಸವೂ ಇರಲಿಲ್ಲ. ಎಂಜಿನ್ನು ಅಡಿಯ ತೂತುಗಳಿಂದ ಹೊಳೆಯ ನೀರನ್ನೇ ಎಳೆದುಕೊಂಡು, ಮೈಯೊಳಗೆಲ್ಲ ಸುತ್ತಿಸಿ ಕಾವು ಇಳಿಸಿಕೊಂಡು, ಹಿಂದಿನಿಂದ ಸಣ್ಣ ಧಾರೆಯಾಗಿ ಉಗುಳುತ್ತದೆ ಎಂದು ತಿಳಿದ ಮೇಲೆ ಆ ಧಾರೆಯ ಮೇಲೇ ನನ್ನ ಕಣ್ಣು.

ಅಜ್ಜಿಯ ತಂಗಿ ಚಿಕ್ಕಜ್ಜಿಯ ಮನೆ ಆಚೆ ದಡದಲ್ಲಿ. ಅಣೆಕಟ್ಟಿನ ನೀರು ನಿಂತು ಕಾಲುಹಾದಿ ಮುಳುಗಿದ ಮೇಲೆ ಬಸ್ಸಿನಲ್ಲಿ ಯಲ್ಲಾಪುರ ಸುತ್ತಿ ಹೋಗಬೇಕಾಯಿತು. ಬಸ್ಸು ಹತ್ತಿದರೆ ಅಜ್ಜಿಗೆ ವಾಂತಿ. ಹೀಗಾಗಿ ಅಕ್ಕತಂಗಿ ಮುಖ ನೋಡದೆ ವರ್ಷಗಳೇ ಕಳೆದಿದ್ದವು. ದೋಣಿ ಬಂದದ್ದೇ, ಜೀವ ಇರುವಾಗ ಒಮ್ಮೆ ತಂಗಿಯನ್ನು ನೋಡಬೇಕೆಂದು ಅಜ್ಜಿ ಹಟ ಹಿಡಿದಳು. ಬರುತ್ತೇವೆಂದು ಫೋನು ಮಾಡಿದ್ದೂ ಆಯಿತು.

ಹೊರಡುವ ಬೆಳಿಗ್ಗೆ ದೊಡ್ಡಪ್ಪ ಪೆಟ್ರೋಲು ನೋಡಿದ, ತಿರುಪುಗಳನ್ನು ಬಿಗಿ ಮಾಡಿದ, ಹುಟ್ಟು, ಹಗ್ಗ ಒಳಗಿಟ್ಟ. ಆಮೇಲೆ ತೋಟಿಗನ ಬುದ್ಧಿ ಓಡಿಸಿದ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವಾಗ ಪಂಪು ಕಟ್ಟಿಕೊಳ್ಳದಿರಲೆಂದು ಮೈಲುತುತ್ತ, ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸುವುದು ನಮ್ಮಲ್ಲಿ ರೂಢಿ. ಹಿನ್ನೀರಿನಲ್ಲಿ ಕೊಳೆತ ಎಲೆ ಬಹಳ. ಎಂಜಿನ್ನಿನ ತೂತುಗಳಿಗೂ ಅದೇ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಿಗಿದ. ದಡದಲ್ಲಿ ಚಾಲೂ ಮಾಡಿದಾಗ ಧಾರೆ ಚೆನ್ನಾಗಿಯೇ ಬಂತು. ಭಲೇ ಉಪಾಯ ಎಂದು ನಾನೂ ಬೆನ್ನು ತಟ್ಟಿದೆ.

ನಡುನೀರಿಗೆ ಬರುವಷ್ಟರಲ್ಲಿ ಧಾರೆ ಸಣ್ಣಗಾಗಿ, ಹನಿಯಾಗಿ, ನಿಂತೇಹೋಯಿತು.

“ದೊಡ್ಡಪ್ಪಾ, ನೀರು ಬರ್ತಾ ಇಲ್ಲೆ.”

ಅವನು ತಕ್ಷಣ ಎಂಜಿನ್ ಬಂದ್ ಮಾಡಿದ. ಬಣ್ಣ ಸುಟ್ಟ ವಾಸನೆ. ಮೇಲೆತ್ತಿ ನೋಡಿದರೆ ಬಟ್ಟೆಯ ಮೇಲೆ ಕೆಸರು, ಎಲೆಪುಡಿ ಮೆತ್ತಿ ರೊಟ್ಟಿಯಾಗಿತ್ತು. ಕತ್ತಿಯಿಂದ ಕೊಯ್ದು ತೆಗೆದ. ಅಜ್ಜಿ ಎಂಜಿನ್ನಿನ ಮೇಲೆ ಬೊಗಸೆ ನೀರು ಹೊಯ್ಯಲು ಹೋದಳು. ಕಾದ ಲೋಹ ಬಿರಿದೀತೆಂದು ತಡೆದ. ಅವನ ಮುಖ ಸಣ್ಣಗಾಗಿತ್ತು. ನನಗೂ ಹೆದರಿಕೆಯೇ. ತಣಿದ ಮೇಲೆ ನಮ್ಮ ದಡಕ್ಕೇ ತಿರುಗಿಸುವುದು ಒಳ್ಳೆಯದು ಎಂದ.

ಅಜ್ಜಿ ಕೂತಲ್ಲಿಂದಲೇ ಆಚೆ ದಡದತ್ತ ಕೈ ತೋರಿದಳು. “ತಣೀಲಿ ಬಿಡು, ಆನು ಕಾಯ್ತೆ. ಹೋಪದು ಮಾತ್ರ ಆಚಿಗೇಯ.”

ಬಹಳ ಹೊತ್ತು ಕಾದೆವು. ಹಗ್ಗ ಎಳೆದಾಗ ಎಂಜಿನ್ ಹೊತ್ತಿಕೊಂಡಿತು, ಧಾರೆಯೂ ಬಂತು. ಆಚೆ ದಡ ಹತ್ತಿರವಾಗುತ್ತಲೇ ದೊಡ್ಡಪ್ಪ ಅವಸರದಿಂದ ಎಂಜಿನ್ ನಿಲ್ಲಿಸಿ ಹುಟ್ಟು ಹಾಕಿದ. ಈಜು ಬಾರದ ಚಿಕ್ಕಜ್ಜಿ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಳು. ನಡುವೆ ಸದ್ದು ನಿಂತದ್ದು ಕೇಳಿ, ಒಂದೊಂದೇ ಹೆಜ್ಜೆ ಒಳಗೆ ಬಂದಿದ್ದಳಂತೆ. ದೋಣಿಯ ಅಂಚು ಹಿಡಿದು ಅಕ್ಕನ ಮುಖವನ್ನೇ ನೋಡಿದಳು.

“ನೀ ವಾಪಸ್ ಹೋಗ್ತೆ ಅಂತ ಆನು ಅಂದ್ಕಂಡಿದ್ದಿ, ಅಕ್ಕಾ.”