‘ಏಳನೇ ಚಂದ್ರ’ದ ಕೊನೆಯ ಹಾಳೆಗಳು

ಆಗೆಲ್ಲ ನರಸಿಂಹರಾಜಪುರದ ನಮಗೆ ಹೊಸ ತಿಂಗಳು ಎಂದರೆ ಶಿವಮೊಗ್ಗ ಬಸ್ಸಿನ ಟಾಪಿನಿಂದ ಇಳಿಯುವ ಪುಸ್ತಕದ ಕಟ್ಟು. ಅದರಲ್ಲಿ ‘ಏಳನೇ ಚಂದ್ರ’ ಸರಣಿಯ ಹೊಸ ಕಥೆ ಇರುತ್ತಿತ್ತು. ರಾಕೆಟ್ಟು, ಗ್ರಹಗಳ ಕಥೆ, ಅಂಗೈಯಗಲದ ಪುಸ್ತಕ. ಊರಿಗೆಲ್ಲ ಒಂದೇ ಪ್ರತಿ.

ಸೋಡಾ ಅಂಗಡಿಯ ಖಾದರ್ ಸಾಹೇಬರು ಅದನ್ನು ಬಾಡಿಗೆಗೆ ಕೊಡುತ್ತಿದ್ದರು. ಅವರದೊಂದು ಕಾನೂನು: ಪುಸ್ತಕ ಕೈಯಿಂದ ಕೈಗೆ ಹೋಗಬೇಕು, ಕೊನೆಗೆ ಓದಿದವನು ಅಂಗಡಿಗೆ ತಂದೊಪ್ಪಿಸಬೇಕು, ಹರಿದಿದ್ದರೆ ಅವನೇ ಹೊಣೆ. ಮೊದಲು ಓದುವವನು ಸಾಹುಕಾರರ ಮಗ ಪ್ರಕಾಶ. ಕೊನೆಯವನು ನಾನು. ಸೋಡಾ ಬಾಟಲಿ ತೊಳೆದುಕೊಟ್ಟು ಬಿಟ್ಟಿ ಓದುವವನಿಗೆ ಇನ್ನೆಲ್ಲಿ ಜಾಗ? ನನ್ನ ಕೈಗೆ ಬರುವಷ್ಟರಲ್ಲಿ ಪುಸ್ತಕಕ್ಕೆ ಹಲಸಿನ ಹಪ್ಪಳದ್ದೂ ಸೀಮೆಎಣ್ಣೆಯದ್ದೂ ವಾಸನೆ ಹತ್ತಿರುತ್ತಿತ್ತು.

ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದಾಗ ದಡದಲ್ಲಿ ಮಗುಚಿ ಹಾಕಿದ ದೋಣಿಯೇ ನಮ್ಮ ರಾಕೆಟ್. ಕಮಾಂಡರ್ ಯಾವಾಗಲೂ ಪ್ರಕಾಶ.

“ನಂಗೂ ಒಂದ್ಸಲ ಬಿಡೋ.”

“ನೀನು ಇನ್ನೂ ಓದೇ ಇಲ್ವಲ್ಲ ಮಾರಾಯ, ಎಲ್ಲಿಗೆ ಹೋಗ್ಬೇಕಂತ ನಿಂಗೆಂತ ಗೊತ್ತು? ಹಿಂದೆ ಕೂತು ಇಂಜಿನ್ ಶಬ್ದ ಮಾಡು.”

ಮಾಡುತ್ತಿದ್ದೆ.

ಆ ಬೇಸಿಗೆಯ ಕಥೆಯಲ್ಲಿ ಕಮಾಂಡರ್ ಕತ್ತಲ ಚಂದ್ರನಲ್ಲಿ ಸಿಕ್ಕಿಬಿದ್ದಿದ್ದ. ಎಲ್ಲರ ಸರದಿ ಮುಗಿದ ಮೇಲೆ ಪ್ರಕಾಶ ಎರಡನೇ ಸಲ ಓದಿ ನನಗೆ ಕೊಟ್ಟ. ಕೊನೆಯ ಹಾಳೆಗಳನ್ನು ಬ್ಲೇಡಿನಲ್ಲಿ ಕೊಯ್ದಿತ್ತು. ಓಡಿಹೋಗಿ ಸಾಹೇಬರಿಗೆ ತೋರಿಸಿದೆ.

“ಕೊನೇಗೆ ಯಾರ ಕೈಲಿತ್ತು?”

“ನನ್ ಕೈಲಿ. ಆದ್ರೆ ಪ್ರಕಾಶ...”

“ಸಾಹುಕಾರ್ರ ಮನೇಲಿ ಪುಸ್ತಕಕ್ಕೆ ಬರವಾ? ಕಳ್ಳ! ಇನ್ನು ಈ ಮೆಟ್ಟಿಲು ಹತ್ಬೇಡ.”

ಶಾಲೆ ತೆರೆದಾಗ ಪ್ರಕಾಶನ ಕಂಪಾಸ್ ಬಾಕ್ಸಿನ ಮುಚ್ಚಳದೊಳಗೆ ಆ ಪುಸ್ತಕದ ರಾಕೆಟ್ ಚಿತ್ರ ಅಂಟಿಸಿತ್ತು. ಹೇಳಿದರೆ ಯಾರು ನಂಬಬೇಕು? ಅಷ್ಟರಲ್ಲಿ ನನಗೆ ‘ಹಾಳೆಗಳ್ಳ’ ಎಂಬ ಹೆಸರು ಬಿದ್ದಾಗಿತ್ತು. ಆ ಮಳೆಗಾಲವೇ ಶಾಲೆ ಬಿಟ್ಟು ಕೊಪ್ಪಕ್ಕೆ ವೆಲ್ಡಿಂಗ್ ಕೆಲಸಕ್ಕೆ ಸೇರಿದೆ. ಇವತ್ತು ಅದೇ ಪೇಟೆಯಲ್ಲಿ ನನ್ನದೇ ಶಾಪಿದೆ, ಯಾರ ಹಂಗೂ ಇಲ್ಲ.

ಸರಣಿಯದೂ ಏಳುಬೀಳಿನ ಬದುಕೇ. ಪ್ರಕಾಶಕರು ತೀರಿಕೊಂಡು ನಿಂತಿತು. ಮಗ ವಾರಪತ್ರಿಕೆಯಲ್ಲಿ ಧಾರಾವಾಹಿ ಮಾಡಿದ, ಅದೂ ನಿಂತಿತು. ಈಗ ಮೊಮ್ಮಗಳು ಹಳೆಯದನ್ನೆಲ್ಲ ಸೇರಿಸಿ ದಪ್ಪ ಸಂಪುಟ ತರುತ್ತಿದ್ದಾಳೆ. ಕತ್ತಲ ಚಂದ್ರನ ಪುಸ್ತಕವೊಂದು ಮಾತ್ರ ಅವಳಿಗೆ ಸಿಕ್ಕಿಲ್ಲ. ಕೊಟ್ಟವರ ಹೆಸರು ಮೊದಲ ಪುಟದಲ್ಲಿ ಹಾಕುತ್ತಾಳಂತೆ.

ಅದು ನನ್ನ ಹತ್ತಿರವಿತ್ತು. ಹಿಂದೊಮ್ಮೆ ಕಬ್ಬಿಣ ಹುಡುಕುತ್ತ ಶಿವಮೊಗ್ಗದ ಗುಜರಿಯಲ್ಲಿ ಸಿಕ್ಕಿದ್ದು, ಒಂದು ಹಾಳೆಯೂ ಹೋಗದ ಬೇರೆ ಪ್ರತಿ. ಸುದ್ದಿ ಹೇಗೋ ಪ್ರಕಾಶನಿಗೆ ಮುಟ್ಟಿ, ಕಾರಿನಲ್ಲಿ ಬಂದ.

“ರಫೀಕ, ನಮ್ಮೂರ ಹೆಸರು ಬರ್ತದೆ ಮಾರಾಯ, ಕೊಡು.”

ಅವನಿಗೆ ಬೇಕಿದ್ದುದು ಯಾರ ಹೆಸರೆಂದು ನನಗೆ ತಿಳಿಯದೆ? ಚಾ ತರಿಸಿ ಕುಡಿಸಿದೆ. ಒಳಗೆ ಹೋಗಿ ಪುಸ್ತಕಕ್ಕೆ ಪೇಪರ್ ಸುತ್ತಿ ತಂದುಕೊಟ್ಟೆ. ಸಂಜೆ ಫೋನ್ ಬಂತು.

“ಕೊನೇ ಹಾಳೆಗಳೇ ಇಲ್ವಲ್ಲೋ!”

“ಕೊನೇಗೆ ಯಾರ ಕೈಲಿದೆ?”

“ಅದು ಹುಡುಗಾಟ ಮಾರಾಯ, ಇನ್ನೂ ಇಟ್ಕೊಂಡಿದ್ದೀಯಾ?”

“ಖಾದರ್ ಸಾಹೇಬ್ರ ಹತ್ರ ಹೋಗಿ, ಕೊಯ್ದಿದ್ದು ನಾನು ಅಂತ ಹೇಳಿ ಬಾ. ಆಮೇಲೆ ಕೊಡ್ತೇನೆ.”

“ಸಾಹೇಬ್ರು ತೀರ್ಕೊಂಡು ಎಷ್ಟು ವರ್ಷ ಆಯ್ತೋ!”

“ಗೊತ್ತು,” ಎಂದು ಫೋನಿಟ್ಟೆ.

ಅವನು ಚಾ ಕುಡಿಯುವಾಗ ನಾನು ಒಳಗೆ ಬ್ಲೇಡಿನಲ್ಲಿ ಕೊಯ್ದ ಹಾಳೆಗಳು ನನ್ನ ಟೂಲ್ ಬಾಕ್ಸಿನ ತಳದಲ್ಲಿವೆ. ಕಮಾಂಡರ್ ತಿರುಗಿ ಬಂದನೋ ಇಲ್ಲವೋ ನಾನು ಬಲ್ಲೆ, ಹೇಳುವುದಿಲ್ಲ. ದಡದಲ್ಲಿ ಆ ದೋಣಿ ಈಗಿಲ್ಲ, ಸೋಡಾ ಅಂಗಡಿಯೂ ಇಲ್ಲ. ಕಳ್ಳ ನಾನಲ್ಲವೆಂದು ಒಬ್ಬರಿಗೆ ಗೊತ್ತಾಗಿದ್ದರೆ ಸಾಕಿತ್ತು. ಅವರು ಗೊತ್ತಾಗದೆಯೇ ಹೋದರು. ಅದಕ್ಕೇ ಆ ಹಾಳೆಗಳನ್ನು ಕೊಡುವುದಿಲ್ಲ.