ಬಾವಿ ಕಾರ್ಡು

ಆಗೆಲ್ಲ ಪುಣೆಯ ಕೋಥರೂಡದಲ್ಲಿ ಮಧ್ಯಾಹ್ನ ಅನ್ನುವುದೊಂದು ಇತ್ತು. ಊಟವಾಗಿ, ಪಾತ್ರೆಯ ಸದ್ದಡಗಿ, ಅವ್ವ ಸೆರಗನ್ನು ಮುಖಕ್ಕೆಳೆದುಕೊಂಡು ಅಡ್ಡಾದರೆ ಇಡೀ ಹೌಸಿಂಗ್ ಸೊಸಾಯಿಟಿಯೇ ಅವಳ ಜೊತೆ ಮಲಗಿದ ಹಾಗಿರುತ್ತಿತ್ತು. ಮಳೆಗಾಲದಲ್ಲಂತೂ ಆ ಹೊತ್ತು ಮುಗಿಯುತ್ತಲೇ ಇರಲಿಲ್ಲ. ಗ್ಯಾಲರಿಯ ಹಗ್ಗದ ಮೇಲೆ ಒಣಗದ ಬಟ್ಟೆಗಳ ಮುಗ್ಗಲು ವಾಸನೆ ಮನೆಯೊಳಗೆಲ್ಲ ಹರಡಿಕೊಂಡಿರುತ್ತಿತ್ತು.

ಆ ವರ್ಷದ ಮಳೆಗಾಲಕ್ಕೆ ಇನ್ನೊಂದು ವಾಸನೆಯೂ ಇತ್ತು. ಅಣ್ಣನ ಕಾಲಿನ ಪ್ಲಾಸ್ಟರಿನದು, ಹಸಿ ಸುಣ್ಣದ ಹಾಗೆ.

ಗಿರೀಶಣ್ಣ ನನಗಿಂತ ಮೂರು ವರ್ಷ ದೊಡ್ಡವನು. ಪಾರ್ಕಿಂಗಿನ ಗೋಡೆ ಹತ್ತಿ ಜಾರಿ ಕಾಲು ಮುರಿದುಕೊಂಡಿದ್ದ. ಅದಕ್ಕಿಂತ ಮುಂಚೆ ಅವನು ನನ್ನ ಪಾಲಿಗೆ ಮೆಟ್ಟಿಲು ಇಳಿಯುವ ಚಪ್ಪಲಿಯ ಸದ್ದು ಮಾತ್ರ. ಕೆಳಗಿನಿಂದ ಹುಡುಗರು "ಏ ಗಿರ್‍ಯಾ, ಖಾಲೀ ಯೇ ನಾ!" ಎಂದು ಮರಾಠಿಯಲ್ಲಿ, ಕೆಳಗೆ ಬಾರೋ ಅಂತ, ಕೂಗಿದರೆ ಸಾಕು, ಕೈಯಲ್ಲಿದ್ದ ರೊಟ್ಟಿ ಬಾಯಿಗಿಟ್ಟುಕೊಂಡೇ ಇಳಿದುಬಿಡುತ್ತಿದ್ದ. ಈಗ ಅವನು ಹಾಲ್‌ನ ಚಾಪೆಯ ಮೇಲೆ, ದಿಂಬಿನ ಮೇಲೆ ಕಾಲಿಟ್ಟುಕೊಂಡು, ಅವ್ವನ ಉಲ್ಲನ್ ಸೂಜಿಯನ್ನು ಪ್ಲಾಸ್ಟರಿನೊಳಗೆ ತೂರಿಸಿ ಕೆರೆದುಕೊಳ್ಳುತ್ತ ಮಲಗಿರುತ್ತಿದ್ದ. ನಾನು ಕಾನ್ವೆಂಟಿನಿಂದ ಬಂದು, ಒದ್ದೆ ಸಾಕ್ಸು ಬಿಚ್ಚಿ, ರಿಬ್ಬನ್ ಬಿಚ್ಚುವ ಮೊದಲೇ "ಸುಮಿ, ಆಡ್ತೀ ಏನ?" ಎನ್ನುತ್ತಿದ್ದ. ನನ್ನನ್ನು! ಬೇರೆ ಯಾರೂ ಇರಲಿಲ್ಲ ನೋಡಿ.

ಆಟ ಯಾವುದೆಂದರೆ, ಚುಯಿಂಗ್‌ಗಮ್ ಪಾಕೀಟಿನಲ್ಲಿ ಬರುತ್ತಿದ್ದ ಕಾರ್ಡುಗಳದ್ದು. ನಿಮ್ಮಲ್ಲೂ ಕೆಲವರು ಕೂಡಿಸಿರಬೇಕು. ರಾಕ್ಷಸರು, ಸಿಪಾಯಿಗಳು, ಮಂತ್ರಗಳು. ಕಾರ್ಡಿನ ಮೂಲೆಯಲ್ಲಿ ನಕ್ಷತ್ರ. ಮೊದಲ ಸರದಿಗೆ ಒಟ್ಟು ಒಂದು ನಕ್ಷತ್ರದಷ್ಟು ಕಾರ್ಡು ಹಾಕಬಹುದು, ಎರಡನೆಯದಕ್ಕೆ ಎರಡರಷ್ಟು, ಹೀಗೆ ಏರುತ್ತ ಹೋಗಬೇಕು. ಎದುರಿನವರ ಕೋಟೆಯೊಳಗೆ ಮೊದಲು ನುಗ್ಗಿದವರು ಗೆದ್ದ ಹಾಗೆ. ಏಳು ನಕ್ಷತ್ರದ ಡ್ರ್ಯಾಗನ್ ಇದ್ದವನೇ ದೊರೆ. ಡ್ರ್ಯಾಗನ್‌ಗಳೆಲ್ಲ ಅಣ್ಣನ ಹತ್ತಿರ. ನನ್ನ ಕಟ್ಟು ಅವನು ಬೇಡವೆಂದು ಬಿಟ್ಟ ಕಾರ್ಡುಗಳಿಂದ ಆದದ್ದು. ಎಲ್ಲಕ್ಕೂ ಗಮ್ಮಿನ ಬಿಳಿ ಪುಡಿ ಅಂಟಿಕೊಂಡಿರುತ್ತಿತ್ತು, ಮೂಸಿದರೆ ಸಿಹಿ.

ಅದರಲ್ಲಿ ನಾಲ್ಕು ಒಂದೇ ತರಹದವು. ಚಿತ್ರದಲ್ಲಿ ಒಬ್ಬ ಹುಡುಗಿ ಬಾವಿಯೊಳಗೆ ಬಗ್ಗಿ ನೋಡುತ್ತಿರುತ್ತಾಳೆ. ಒಂದೇ ನಕ್ಷತ್ರ. ಕೆಳಗಿನ ಇಂಗ್ಲಿಷನ್ನು ನಾನೇ ಓದಿ ಹೇಳಿದ್ದೆ: ಎರಡು ಕಾರ್ಡು ಎತ್ತಿಕೋ, ಆಮೇಲೆ ನಿನ್ನ ಕೈಯಲ್ಲಿರುವುದರಲ್ಲಿ ಒಂದನ್ನು ಎಸೆ. ಪ್ರತಿ ಪಾಕೀಟಿನಲ್ಲೂ ಬರುತ್ತಿದ್ದ ಕಾರ್ಡದು. ಹುಡುಗರು ಅದನ್ನು ಅಂಗಡಿಯ ಮೆಟ್ಟಿಲ ಮೇಲೆಯೇ ಬಿಟ್ಟುಹೋಗುತ್ತಿದ್ದರು.

"ಅದನ್ಯಾಕ ಇಟ್ಕೊಂಡಿ?" ಅಣ್ಣ ನಕ್ಕಿದ್ದ. "ಹಾಕಿದ್ರ ಯಾರೂ ಸಾಯಂಗಿಲ್ಲ, ಯಾರಿಗೂ ಪೆಟ್ಟ ಬೀಳಂಗಿಲ್ಲ. ಒಂದ್ ಹಾಕ್ತಿ, ಎರಡ್ ಎತ್ತತಿ, ಒಂದ್ ಒಗೀತಿ. ಮೊದಲ ಎಷ್ಟಿದ್ದೂವೋ ಅಷ್ಟ ಉಳದ್ವು. ಏನ್ ಭಾಗ್ಯಾ ಬಂತು?"

ಲೆಕ್ಕ ಸರಿಯಾಗಿಯೇ ಇತ್ತು. ಚಿತ್ರದ ಹುಡುಗಿಯ ಜಡೆ ಬಾವಿಯೊಳಗೆ ಇಳಿಬಿದ್ದದ್ದು ಚೆಂದ ಕಾಣುತ್ತಿತ್ತು, ಅದಕ್ಕೇ ಇಟ್ಟುಕೊಂಡೆ.

ದಿನವೂ ಸೋಲುತ್ತಿದ್ದೆ. ಸೋಲಿನ ಬಗ್ಗೆ ಅಂಥ ದುಃಖವಿರಲಿಲ್ಲ. ಭಯ ಬೇರೆಯದಿತ್ತು. ಆಟ ಮುಗಿಯುವ ಹೊತ್ತಿಗೆ ಅಣ್ಣ ಆಕಳಿಸುತ್ತಿದ್ದ, ಕಣ್ಣು ಗ್ಯಾಲರಿಯ ಕಡೆ ಹೋಗುತ್ತಿತ್ತು. ಪ್ಲಾಸ್ಟರ್ ಬಿಚ್ಚಿದ ದಿನ ಇವನು ಮತ್ತೆ ಚಪ್ಪಲಿಯ ಸದ್ದಾಗುತ್ತಾನೆ ಎಂದು ನನಗೆ ಗೊತ್ತಿತ್ತು. ನಾನೂ ಚೆನ್ನಾಗಿ ಆಡಿದರೆ, ಕೆಳಗಿನ ಹುಡುಗರಷ್ಟು ಚೆನ್ನಾಗಿ ಆಡಿದರೆ, ಒಂದು ವೇಳೆ ಉಳಿದಾನು.

ಹಾಗೆಂದು ನೋಡುತ್ತ ಕುಳಿತೆ. ನೋಡುವುದೊಂದು ನನಗೆ ಬರುತ್ತಿತ್ತು. ಆಟದ ಆರಂಭದಲ್ಲಿ ಅಣ್ಣನ ಕೈತುಂಬ ಡ್ರ್ಯಾಗನ್‌ಗಳಿದ್ದರೆ ಅವನ ಕೆಳತುಟಿ ಮುಂದೆ ಬರುತ್ತಿತ್ತು. ಏಳು ನಕ್ಷತ್ರವಾಗುವ ತನಕ ಅವನು ಏನೂ ಮಾಡಲಾರ, ಸುಮ್ಮನೆ ಹಿಡಿದುಕೊಂಡಿರಬೇಕು. ನಾನು ಬಾವಿ ಕಾರ್ಡು ಹಾಕಿ, ಎರಡು ಎತ್ತಿ, ಈಗ ಉಪಯೋಗಕ್ಕೆ ಬಾರದ ಭಾರದ ಕಾರ್ಡನ್ನು ಎಸೆದು, ಸಣ್ಣ ಸಿಪಾಯಿಗಳನ್ನು ಇಟ್ಟುಕೊಳ್ಳತೊಡಗಿದೆ. ಅವನ ಮೊದಲ ಡ್ರ್ಯಾಗನ್ ಇಳಿಯುವ ಹೊತ್ತಿಗೆ ನನ್ನ ಸಿಪಾಯಿಗಳು ಅವನ ಕೋಟೆಯೊಳಗಿದ್ದರು.

"ನಶೀಬ ಚಲೋ ಇತ್ತು ನಿಂದು," ಎಂದ ಮೊದಲ ಸಲ.

ಎರಡನೆಯ ಸಲ ಮೊಣಕೈಯೂರಿ ಎದ್ದು ಕುಳಿತ. "ತಡಿ. ಇದು ಹೆಂಗಾತು?"

"ಎಷ್ಟ್ ಅದಾವ ಅನ್ನೂದಲ್ಲಣ್ಣಾ, ಯಾವು ಅದಾವ ಅನ್ನೂದು ನೋಡಬೇಕು," ಎಂದೆ.

"ಕೈ ಖಾಲಿ ಇದ್ದಾಗ? ಆವಾಗ ಎರಡರಾಗ ಒಂದ್ ಒಗದ್ರ ಒಂದ ಉಳೀತದ. ಅದಕ್ಕ ಏನಂತಿ?"

"ಖಾಲಿ ಯಾಕ ಮಾಡ್ಕೋಬೇಕು? ಒಗೀಲಿಕ್ಕಂತನ ಒಂದ್ ಕೆಟ್ಟ ಕಾರ್ಡ್ ಹಿಡ್ಕೊಂಡಿರ್ತೀನಿ ನಾ."

ಅಣ್ಣ ನನ್ನನ್ನೇ ನೋಡಿದ. ಅದುವರೆಗೆ ಅಷ್ಟು ಹೊತ್ತು ಅವನು ನನ್ನ ಮುಖ ನೋಡಿದ್ದಿಲ್ಲ.

ಅಂದು ಮಧ್ಯಾಹ್ನವೆಲ್ಲ ಚಾಪೆಯ ಮೇಲೆ ಬೋರಲು ಮಲಗಿ ಇಬ್ಬರೂ ಆ ಒಂದು ಕಾರ್ಡಿನ ವಿಚಾರ ಮಾಡಿದೆವು. ಒಂದೇ ನಕ್ಷತ್ರ ಆದ್ದರಿಂದ ಬೇರೆ ಕಾರ್ಡು ಹಾಕಿ ಒಂದು ನಕ್ಷತ್ರ ಉಳಿದರೂ ಇದನ್ನು ಹಾಕಬಹುದು ಎಂದು ನಾನು. ನಾಲ್ಕೂ ಕಟ್ಟಿನಲ್ಲಿದ್ದರೆ ಕಟ್ಟೇ ತೆಳ್ಳಗಾದ ಹಾಗೆ, ಬೇಕಾದದ್ದು ಬೇಗ ಕೈಗೆ ಬರುತ್ತದೆ ಎಂದು ಅವನು. "ಅಂದ್ರ ಡ್ರ್ಯಾಗನ್ ಜೋಡೀನೂ ಇದು ಬೇಕಾಗ್ತದಲೇ!" ಎಂದು ನೆಲಕ್ಕೆ ಗುದ್ದಿದ. ಅವ್ವ ಎದ್ದು ಗಿರ್ಮಿಟ್ ಕಲಿಸಿ ತಂದಿಟ್ಟಳು. "ಏನ್ ಗುಸುಗುಸು ನಡದದ ಇಬ್ಬರದ್ದೂ? ಯಾವ ಮನೀ ಮುರಿಯೂ ವಿಚಾರ?" ಎಂದಳು. ಚುರುಮುರಿಯ ಎಣ್ಣೆ ಕಾರ್ಡಿಗೆ ತಾಗದಿರಲೆಂದು ಅಣ್ಣ ನನ್ನ ಬಾಯಿಗೂ ತಾನೇ ಚಮಚದಿಂದ ಹಾಕಿದ.

ಪ್ಲಾಸ್ಟರ್ ಬಿಚ್ಚಿದ ಮರುದಿನ ಭಾನುವಾರ. ಕಾಲು ತೆಳ್ಳಗೆ, ಬೆಳ್ಳಗೆ, ಯಾರದೋ ಕಾಲಿನ ಹಾಗಿತ್ತು. ಕೆಳಗೆ ಹುಡುಗರು ಕೂಗಿದರು. ಅಣ್ಣ ನನ್ನ ಮುಂದೆ ಬಂದು ನಿಂತ.

"ಸುಮಿ, ಆ ನಾಲ್ಕೂ ಕೊಡ. ಇವತ್ತ ಕೆಳಗ ನಿಖಿಲ್‌ನ ಜೋಡಿ ಅದ ನನ್ನ ಆಟ."

ಕೊಡದಿದ್ದರೆ ನನ್ನನ್ನು ಸೋಲಿಸುವುದಕ್ಕಾದರೂ ಅವನು ಮನೆಯಲ್ಲಿ ಕೂಡಬೇಕಾಗುತ್ತಿತ್ತು. ಕೊಟ್ಟರೆ ನನ್ನ ಕಟ್ಟಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವುಗಳನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತೆ.

"ಸಂಜೀಕ ತಂದ್ ಕೊಡ್ತೀನಲ್ಲ. ಆಮ್ಯಾಲೆ ನಾವಿಬ್ರೂ ಆಡೂಣು."

"ಖರೇನ?"

"ಖರೇನ."

ಕೊಟ್ಟೆ. ಅವನು ಕುಂಟುತ್ತಲೇ ಇಳಿದ. ನಾನು ಗ್ಯಾಲರಿಯ ಕಂಬಿಯ ಸಂದಿಯಿಂದ ನೋಡಿದೆ. ಅಣ್ಣ ಬಾವಿ ಕಾರ್ಡು ಹಾಕಿದಾಗ ಹುಡುಗರೆಲ್ಲ ಹೋ ಎಂದು ನಕ್ಕರು. ಸ್ವಲ್ಪ ಹೊತ್ತಿನಲ್ಲೇ ಆ ನಗೆ ನಿಂತಿತು. ಗೆದ್ದ ಮೇಲೆ ಅಣ್ಣ ಅವರಿಗೆ ಮರಾಠಿಯಲ್ಲಿ ವಿವರಿಸುವುದು ಕೇಳಿಸಿತು: ಎಷ್ಟಿವೆ ಅಂತಲ್ಲ ಕಣ್ರೋ, ಯಾವುವಿವೆ ಅಂತ ನೋಡಬೇಕು. ನನ್ನದೇ ಮಾತು. ಮೈ ಜುಮ್ಮೆಂದಿತು, ಹೆಮ್ಮೆಯಿಂದಲೇ. ಅವನು ತಲೆಯೆತ್ತಿ ಮೇಲೆ ನೋಡುತ್ತಾನೆಂದು ಕಾದೆ. ಅಷ್ಟರಲ್ಲಿ ಯಾರೋ ಚೆಂಡು ತಂದರು.

ಸಂಜೆ ಕಾರ್ಡುಗಳನ್ನು ಹೇಳಿದ ಹಾಗೆಯೇ ತಂದುಕೊಟ್ಟ. ಕೊಟ್ಟು, ಚಾಪೆಯ ಮೇಲೆ ಬಿದ್ದು, ದೀಪ ಹಚ್ಚುವ ಮುಂಚೆಯೇ ನಿದ್ದೆ ಹೋದ. ಮರುದಿನ ಕೇಳಿದೆ, "ನಾಳೆ" ಎಂದ. ಅವನು ಸುಳ್ಳು ಹೇಳಲಿಲ್ಲ, ಹಾಗೆಂದೇ ಅಂದುಕೊಂಡಿದ್ದ. ಮಳೆ ಹೊರಟುಹೋಯಿತು, ಶಾಲೆ, ಪರೀಕ್ಷೆ, ಹುಡುಗರು. ಆಮೇಲೆ ನಾನೂ ಕೇಳುವುದು ಬಿಟ್ಟೆ.

ಅಣ್ಣ ಈಗ ಶಿವಾಜಿನಗರದಲ್ಲಿದ್ದಾನೆ, ಆಫೀಸಿನ ಹತ್ತಿರವೇ ಮನೆ. ನಾನು ಇಲ್ಲೇ ಕೋಥರೂಡದಲ್ಲಿ. ಒಂದೇ ಬಸ್ಸಿನ ದಾರಿ. ನಮ್ಮ ನಡುವೆ ಜಗಳವಿಲ್ಲ, ಮನಸ್ತಾಪವಿಲ್ಲ, ಹಬ್ಬಕ್ಕೆ ಹೋಗಿ ಬರುತ್ತೇವೆ. ಅವನು ಬಂದಾಗ ಅವ್ವನ ಸಕ್ಕರೆ ಕಾಯಿಲೆಯ ಬಗ್ಗೆ, ಸೊಸಾಯಿಟಿಯ ನೀರಿನ ಬಗ್ಗೆ ಮಾತಾಡುತ್ತೇವೆ. ಗಾಡಿಯ ಕೀಲಿಯನ್ನು ಅವನು ಕೈಯಿಂದ ಕೆಳಗಿಡುವುದಿಲ್ಲ.

ಮೊನ್ನೆ ಭಾನುವಾರ ಜೋರು ಮಳೆಯಲ್ಲಿ ಸಿಕ್ಕಿಬಿದ್ದು ಮನೆಗೆ ಬಂದ. ಟವೆಲ್ ಕೊಟ್ಟೆ, ಚಹಾ ಕೊಟ್ಟೆ. ನಿಂತೇ ಕುಡಿದ.

"ಕೂಡಣ್ಣಾ, ಊಟಾ ಮಾಡ್ಕೊಂಡ್ ಸಾವಕಾಶ ಹೋಗು. ಇವರೂ ಇಲ್ಲ, ಹುಡುಗ್ರೂ ಇಲ್ಲ."

"ಇಲ್ಲವ್ವಾ, ಮಳಿ ನಿಂತದ, ಹೋಗಿಬಿಡ್ತೀನಿ. ಮತ್ತ ಬರ್ತೀನಲ್ಲ."

ಬಾಗಿಲು ಹಾಕಿ ಗ್ಯಾಲರಿಗೆ ಬಂದೆ. ಮಳೆ ನಿಂತಿರಲಿಲ್ಲ.